ಕಕ್ಕಡದ ಮಳೆ, ನೂರು ಮಿಲಿಸೆಕೆಂಡ್ ತಡ, ಕೈಯಲ್ಲೊಂದು ಹಿಡಿ

ಸಿಲ್ವರ್ ಓಕ್ ಮರದ ಮೂವತ್ತಡಿ ಎತ್ತರದಲ್ಲಿ ಕೊಂಬೆಯೊಂದು ಗಾಳಿಗೆ ಮುರಿದು, ತೊಗಟೆಯ ಆಧಾರದಲ್ಲಿ ನೇತಾಡುತ್ತಿದೆ. ಕೆಳಗೆ ಕಾಫಿ ಗಿಡ, ಪಕ್ಕದಲ್ಲಿ ಕರೆಂಟ್ ತಂತಿ, ಕಾಂಡದ ತುಂಬ ಮೆಣಸಿನ ಬಳ್ಳಿ. ಕೊಡಗಿನ ತೋಟಗಳಲ್ಲಿ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಸಾಮಾನ್ಯವಾಗಿ ಮಳೆ ಹಿಡಿಯುವ ಮುನ್ನ ಮುಗಿಯುತ್ತದೆ. ಮುರಿದ ಕೊಂಬೆ ಇಳಿಸುವ ಕೆಲಸ ಮಾತ್ರ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಜೋರು ಮಳೆಯ ನಡುವೆಯೇ ಬರುತ್ತದೆ. ಪಾಚಿ ಹಿಡಿದ ಕಾಂಡಕ್ಕೆ ಏಣಿ ಒರಗಿಸಿ ಮನುಷ್ಯನನ್ನು ಹತ್ತಿಸುವ ಬದಲು ಯಂತ್ರದ ತೋಳೊಂದನ್ನು ಮೇಲಕ್ಕೆ ಕಳಿಸಿ, ಕಣದ ಪಕ್ಕದ ಶೆಡ್ಡಿನಲ್ಲಿ ಕುಳಿತು ಅದನ್ನು ನಡೆಸುವುದು ಒಳ್ಳೆಯ ಯೋಚನೆ. ಆದರೆ ಮಳೆಹನಿ ಕೂತ ಲೆನ್ಸಿನಲ್ಲಿ ನೋಡಿದರೆ ಕೊಕ್ಕೆ ಕೊಂಬೆಗೆ ತಾಗಿದೆಯೋ, ಇನ್ನೂ ಒಂದು ಗೇಣು ಬಾಕಿ ಇದೆಯೋ ತಿಳಿಯುವುದಿಲ್ಲ. ಅದು ಕೈಗೆ ತಿಳಿಯಬೇಕು.

ಹಾಗೆ ಕೈಗೆ ತಿಳಿಸುವ ಹಿಡಿಯನ್ನು ಕಟ್ಟುವ ಬಗ್ಗೆ ಈ ಬರಹ. ಫರ್ಮ್‌ವೇರ್ ಬರೆಯಲು ಬರುವವರಿಗೆ, ಬೆಸುಗೆ ಹಾಕಲು ಬರುವವರಿಗೆ ಇಲ್ಲಿನ ಲೆಕ್ಕಗಳು ನೇರವಾಗಿ ಬಳಕೆಗೆ ಬರುತ್ತವೆ. ಕುಳಿತವನ ಕೈಯಲ್ಲಿರುವುದನ್ನು ‘ಹಿಡಿ’ ಎಂದೂ ಮರದ ಮೇಲಿರುವುದನ್ನು ‘ತೋಳು’ ಎಂದೂ ಕರೆಯೋಣ.

ತಡವಾಗಿ ಬಂದ ಚಿತ್ರ ಹಳೆಯ ಸುದ್ದಿ, ಅಷ್ಟೇ. ಕಣ್ಣು ಅದನ್ನು ನೋಡಿ ಕಾಯುತ್ತದೆ. ತಡವಾಗಿ ಬಂದ ಬಲ ಹಾಗಲ್ಲ, ಅದು ಕೈಯನ್ನು ತಳ್ಳುತ್ತದೆ. ತಳ್ಳಿದ ಕೈ ಹಿಡಿಯನ್ನು ಸರಿಸುತ್ತದೆ, ಸರಿದ ಹಿಡಿ ತೋಳಿಗೆ ಹೊಸ ಆಜ್ಞೆಯಾಗುತ್ತದೆ. ಬಲವೆಂದರೆ ಸುದ್ದಿಯೂ ಹೌದು, ಶಕ್ತಿಯೂ ಹೌದು. ತಡ ಹೆಚ್ಚಿದಂತೆ ಈ ಎರಡನ್ನೂ ಬೇರ್ಪಡಿಸಬೇಕು: ಸುದ್ದಿಯನ್ನು ಉಳಿಸಿಕೊಳ್ಳಬೇಕು, ಶಕ್ತಿಯನ್ನು ಕಡಿಮೆ ಮಾಡುತ್ತ ಹೋಗಬೇಕು. ಮುಂದಿನ ಎಲ್ಲ ನಿರ್ಧಾರಗಳೂ ಇದರಿಂದಲೇ ಹುಟ್ಟುತ್ತವೆ.

ಸಂಖ್ಯೆಯಲ್ಲಿ ನೋಡಿ. ಹೋಗಿಬರುವ ತಡ 100 ಮಿಲಿಸೆಕೆಂಡ್, ಕೈ ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ ಎನ್ನಿ. ತೋಳು ಕೊಂಬೆಗೆ ತಾಗಿದ ಸುದ್ದಿ ಮರಳಿ ಬರುವಷ್ಟರಲ್ಲಿ ಆಜ್ಞೆ ಮರದೊಳಗೆ 1 ಸೆಂಟಿಮೀಟರ್ ಹೊಕ್ಕಿರುತ್ತದೆ. ಕೊಕ್ಕೆ ಮತ್ತು ಮರದ ಒಟ್ಟು ಬಿಗಿತ ಮೀಟರಿಗೆ 20,000 ನ್ಯೂಟನ್ ಆದರೆ ಅದು 200 ನ್ಯೂಟನ್ ಬಲದ ಆಜ್ಞೆ. ಅಷ್ಟು ಬಲ ಕೊಡುವ ಮೊದಲೇ ಮೋಟರ್ ತನ್ನ ಮಿತಿಗೆ ಬಡಿಯುತ್ತದೆ, ಕೈ ಹಿಂದಕ್ಕೆ ಹಾರುತ್ತದೆ. ಈಗ ತೋಳು ಕೊಂಬೆ ಬಿಟ್ಟು ಹಿಂದೆ ಸರಿಯುತ್ತಿದ್ದರೂ ಹಳೆಯ ಬಲ ಇನ್ನೂ ಬರುತ್ತಲೇ ಇರುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಮತ್ತೆ ಮುಂದೆ ಹೋದರೆ ಮತ್ತೆ ಅದೇ. ಹಿಡಿ ತಾನಾಗಿಯೇ ಕುಣಿಯಲು ತೊಡಗುತ್ತದೆ.

1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ವಿಕಿರಣದ ಗೋಡೆಯಾಚೆ ಕೆಲಸ ಮಾಡುವ ತೋಳುಗಳನ್ನು ಮಾಡಿದಾಗ ಈ ತೊಂದರೆ ಇರಲಿಲ್ಲ. ಅಲ್ಲಿ ಎರಡು ತುದಿಗಳ ನಡುವೆ ಲೋಹದ ಕೊಂಡಿಗಳಿದ್ದವು, ಬಲ ಆ ಕ್ಷಣಕ್ಕೇ ಬರುತ್ತಿತ್ತು. 1965ರಲ್ಲಿ ಎಂಐಟಿಯ ವಿಲಿಯಂ ಫೆರೆಲ್ ತಡದ ಜೊತೆ ಕೆಲಸ ಮಾಡುವವರನ್ನು ಗಮನಿಸಿ, ಜನ ತಾವಾಗಿಯೇ ಸ್ವಲ್ಪ ಸರಿಸಿ, ಕಾದು, ನೋಡಿ, ಮತ್ತೆ ಸ್ವಲ್ಪ ಸರಿಸುತ್ತಾರೆ ಎಂದು ತೋರಿಸಿದರು. ಕಣ್ಣಿಗೆ ಈ ಉಪಾಯ ಸಾಕು. ಬಲ ಮರಳಿ ಬರುವಾಗ ಮಾತ್ರ ಕೈ ಕಾಯುವುದಿಲ್ಲ, ಕಾಯಲು ಹಿಡಿ ಬಿಡುವುದಿಲ್ಲ.

ತಡವನ್ನು ಕಕ್ಕಡದಲ್ಲಿ ಅಳೆಯಿರಿ

ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆ ಸುಮಾರು 260 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಹೋಗಿಬರಲು 3 ಮಿಲಿಸೆಕೆಂಡಿಗಿಂತ ಕಡಿಮೆ. ತಡದ ಬಹುಪಾಲು ದೂರದಿಂದ ಬರುವುದಲ್ಲ, ಸರದಿಯಲ್ಲಿ ಕಾಯುವುದರಿಂದ ಬರುತ್ತದೆ. ಒಂದೇ ತೋಟದಲ್ಲಿ ಮುನ್ನೂರು ಮೀಟರ್ ಅಂತರದಲ್ಲಿ ಎರಡು ಸಿಮ್ ಇಟ್ಟರೂ ಪ್ಯಾಕೆಟ್ (ಡೇಟಾದ ಪುಟ್ಟ ಕಂತೆ) ಟವರ್ ಹತ್ತಿ, ದೊಡ್ಡ ಊರಿನ ಗೇಟ್‌ವೇ ಮುಟ್ಟಿ, ಮರಳಿ ಅದೇ ಗುಡ್ಡಕ್ಕೆ ಬರುತ್ತದೆ. ಆದ್ದರಿಂದ ತೋಟದೊಳಗಿನ ಕೆಲಸಕ್ಕೆ ಮೊಬೈಲ್ ಡೇಟಾ ಎರಡನೇ ಆಯ್ಕೆ. ಮೊದಲನೆಯದು ಶೆಡ್ಡಿನ ಸೂರಿನಿಂದ ನೇರವಾಗಿ ಮರದ ಕಡೆ ತಿರುಗಿಸಿದ ವೈಫೈ ಆಂಟೆನಾ.

ನೇರ ವೈಫೈಯಲ್ಲಿ ಎಲೆಯೇ ಶತ್ರು. ಒದ್ದೆ ಎಲೆ ಮೈಕ್ರೋವೇವನ್ನು ಹೀರುತ್ತದೆ, 2.4 ಗಿಗಾಹರ್ಟ್ಸ್‌ಗಿಂತ 5 ಗಿಗಾಹರ್ಟ್ಸ್‌ನಲ್ಲಿ ಹೆಚ್ಚು. ಫೆಬ್ರವರಿಯ ಬಿಸಿಲಲ್ಲಿ ಅಳೆದಾಗ 4 ಮಿಲಿಸೆಕೆಂಡ್ ತೋರಿಸಿದ ವೈಫೈ ಕೊಂಡಿ, ಜುಲೈ ನಡುವಿನಿಂದ ಕಕ್ಕಡದ ಮಳೆ ಬಿಡದೆ ಸುರಿಯುವಾಗ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುತ್ತ ಹತ್ತಾರು ಮಿಲಿಸೆಕೆಂಡಿಗೆ ಏರಬಹುದು. ಸರಾಸರಿ ನೋಡಬೇಡಿ. ಸೆಕೆಂಡಿಗೆ 200 ಪ್ಯಾಕೆಟ್‌ನಂತೆ ಒಂದು ಗಂಟೆ ಕಳಿಸಿ, 7,20,000 ಅಳತೆಗಳನ್ನು ಸಾಲಾಗಿ ಜೋಡಿಸಿ, ನೂರಕ್ಕೆ 99 ಪ್ಯಾಕೆಟ್‌ಗಳು ಯಾವ ಸಂಖ್ಯೆಯೊಳಗೆ ಮರಳುತ್ತವೆ ಎಂದು ನೋಡಿ. ಆ ಸಂಖ್ಯೆಯೇ ನಿಮ್ಮ ತಡ. ಒಮ್ಮುಖದ ತಡ ಅಳೆಯಲು ಎರಡೂ ಗಡಿಯಾರ ಹೊಂದಿಸುವ ಸಾಹಸ ಬೇಡ. ಹೋಗುವ ದಾರಿ, ಬರುವ ದಾರಿ ಸಮನಾಗಿರದ ಕೊಂಡಿಯಲ್ಲಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವಿಧಾನ) ತಪ್ಪು ಉತ್ತರ ಕೊಡುತ್ತದೆ. ಕೆಳಗಿನ ಲೆಕ್ಕಕ್ಕೆ ಹೋಗಿಬರುವ ಒಟ್ಟು ತಡ ಸಾಕು.

ಅಳತೆ ವಿಚಿತ್ರವಾಗಿ ಬಂದರೆ ಮೊದಲು ನೋಡಬೇಕಾದ್ದು ಮೂರು. ಇಎಸ್‌ಪಿ32 (ವೈಫೈ ಇರುವ ಪುಟ್ಟ ನಿಯಂತ್ರಣ ಚಿಪ್) ತನ್ನಷ್ಟಕ್ಕೆ ಬಿಟ್ಟರೆ ವೈಫೈಯನ್ನು ಆಗಾಗ ಮಲಗಿಸುತ್ತದೆ, ‘ನಾನಿದ್ದೇನೆ’ ಎಂದು ರೌಟರ್ ಸಾರುವ ಬೀಕನ್ ಬಂದಾಗ ಮಾತ್ರ ಏಳುತ್ತದೆ. ಬೀಕನ್ ಬರುವುದು ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ. ನೂರರ ಆಸುಪಾಸಿನ ತಡ ಮತ್ತೆ ಮತ್ತೆ ಕಂಡರೆ ಪವರ್ ಸೇವ್ ಆಫ್ ಮಾಡಿ. ಎರಡನೆಯದು ಟಿಸಿಪಿ ಎಂಬ ಕಳಿಸುವ ವಿಧಾನ: ಕಳೆದುಹೋದ ಒಂದು ಪ್ಯಾಕೆಟ್ಟಿಗಾಗಿ ಅದು ನಂತರ ಬಂದ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಹಳೆಯ ಬಲ ಯಾರಿಗೂ ಬೇಡ, ಕಳೆದುಹೋದದ್ದಕ್ಕೆ ಕಾಯದ ಯುಡಿಪಿ ಬಳಸಿ. ಮೂರನೆಯದು ವಿಡಿಯೊ. ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತಿದ್ದು, ಮಳೆಗೆ ಕೊಂಡಿ 1.5ಕ್ಕೆ ಇಳಿದರೆ, ಉಳಿದದ್ದೆಲ್ಲ ರೌಟರಿನ ಬಫರಿನಲ್ಲಿ ಸೇರಿಕೊಳ್ಳುತ್ತ ಹೋಗುತ್ತದೆ. ಬಲದ ಪುಟ್ಟ ಪ್ಯಾಕೆಟ್ ಆ ರಾಶಿಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಇರುವ ರೌಟರಿನಲ್ಲಿ, ಪ್ಯಾಕೆಟ್ ಸಾಲನ್ನು ಉದ್ದವಾಗಲು ಬಿಡದ ಕೇಕ್ ಎಂಬ ಸರದಿಯನ್ನು ಹಾಕಿ, ಮಳೆಯಲ್ಲಿ ಅಳೆದ ಅಪ್‌ಲೋಡ್ ವೇಗದ ಶೇ. 85ಕ್ಕೆ ಮಿತಿ ಕಟ್ಟಿ. ವಿಡಿಯೊ ಮಸುಕಾಗಲಿ, ಪರವಾಗಿಲ್ಲ.

ಪ್ಯಾಕೆಟ್ಟಿನಲ್ಲಿ ಆರು ಸಂಗತಿ ಇದ್ದರೆ ಸಾಕು: ಕ್ರಮಸಂಖ್ಯೆ, ಸಮಯ, ಸ್ಥಾನ, ವೇಗ, ಬಲ, ಮತ್ತು ಆರಂಭದಿಂದ ಈವರೆಗೆ ಒಳಹೋದ ಒಟ್ಟು ಶಕ್ತಿ. ಒಂದೊಂದಕ್ಕೆ 4 ಬೈಟ್, ಒಟ್ಟು 24. ಐಪಿ ಮತ್ತು ಯುಡಿಪಿ ತಲೆಬರಹಕ್ಕೆ 28 ಬೈಟ್ ಸೇರಿಸಿದರೆ 52. ಸೆಕೆಂಡಿಗೆ ಸಾವಿರ ಕಳಿಸಿದರೆ 416 ಕಿಲೋಬಿಟ್, ಇನ್ನೂರು ಕಳಿಸಿದರೆ 83. ಬಿಟ್‌ಗಳ ಸಂಖ್ಯೆಗಿಂತ ಪ್ಯಾಕೆಟ್‌ಗಳ ಸಂಖ್ಯೆ ವೈಫೈಗೆ ಭಾರ, ಏಕೆಂದರೆ ಪ್ರತಿ ಪ್ಯಾಕೆಟ್ಟಿಗೂ ಗಾಳಿಯಲ್ಲಿ ಸರದಿ ಕಾಯಬೇಕು. ಎರಡೂ ತುದಿಯ ಮೋಟರ್ ಲೂಪ್ (ಅಳೆದು, ಲೆಕ್ಕ ಹಾಕಿ, ಬಲ ಕೊಡುವ ಸುತ್ತು) ಸೆಕೆಂಡಿಗೆ ಸಾವಿರ ಬಾರಿ ಓಡಲಿ, ನೆಟ್‌ವರ್ಕಿಗೆ ಇನ್ನೂರು ಸಾಕು. ಹೀಗೆ ಸೇರುವ 5 ಮಿಲಿಸೆಕೆಂಡನ್ನು ತಡದ ಲೆಕ್ಕಕ್ಕೆ ಕೂಡಿಸಿಕೊಳ್ಳಿ.

ಬದಲಾವಣೆ ಇದ್ದಾಗ ಮಾತ್ರ ಕಳಿಸುವ ವಿಧಾನವೂ ಇದೆ. ಬಲದಲ್ಲಿ ಶೇ. 10ರ ಆಸುಪಾಸಿನವರೆಗಿನ ಬದಲಾವಣೆ ಕೈಗೆ ಅಷ್ಟಾಗಿ ತಿಳಿಯುವುದಿಲ್ಲ, ಹಾಗಾಗಿ ಅದಕ್ಕಿಂತ ಕಡಿಮೆ ಬದಲಾದರೆ ಕಳಿಸದೆ ಬಿಡಬಹುದು. ಆದರೆ ಮೌನಕ್ಕೆ ಆಗ ಎರಡು ಅರ್ಥ ಬರುತ್ತದೆ: ಏನೂ ಬದಲಾಗಿಲ್ಲ, ಅಥವಾ ಕೊಂಡಿ ಕಡಿದಿದೆ. ಏನೇ ಆದರೂ 50 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೋಗಲೇಬೇಕು.

ಎರಡು ಬಿ ಭಾಗಿಸು ಟಿ

ಅತಿ ಸರಳ ವ್ಯವಸ್ಥೆಯಲ್ಲಿ ಹಿಡಿ ಮತ್ತು ತೋಳಿನ ನಡುವೆ ಕಾಣದ ಸ್ಪ್ರಿಂಗ್ ಒಂದಿದೆ ಎಂದುಕೊಳ್ಳಿ. ತೋಳು ಹಿಡಿಯ ಸ್ಥಾನವನ್ನು ಹಿಂಬಾಲಿಸುತ್ತದೆ, ಹಿಡಿ ತೋಳಿನ ಸ್ಥಾನವನ್ನು. ಎರಡೂ ತುದಿಗೆ ಒಂದೇ ಬಿಗಿತ, ಒಂದೇ ಡ್ಯಾಂಪಿಂಗ್ (ವೇಗಕ್ಕೆ ತಕ್ಕಂತೆ ಚಲನೆಯನ್ನು ತಡೆಯುವ ಎಳೆತ) ಇಟ್ಟರೆ, ಸ್ಥಿರವಾಗಿರಲು ಸ್ಪ್ರಿಂಗಿನ ಬಿಗಿತವು ಡ್ಯಾಂಪಿಂಗಿನ (ಬಿ) ಎರಡರಷ್ಟನ್ನು ಹೋಗಿಬರುವ ತಡದಿಂದ (ಟಿ) ಭಾಗಿಸಿದ್ದಕ್ಕಿಂತ ಕಡಿಮೆ ಇರಬೇಕು. ಇದನ್ನು ಶೆಡ್ಡಿನ ಗೋಡೆಗೆ ಬರೆದಿಡಿ.

ಡ್ಯಾಂಪಿಂಗ್ ಮೀಟರಿಗೆ 5 ನ್ಯೂಟನ್ ಸೆಕೆಂಡ್ ಎನ್ನಿ. ತಡ 20 ಮಿಲಿಸೆಕೆಂಡ್ ಆದರೆ ಬಿಗಿತ 500ರವರೆಗೆ. 100 ಆದರೆ 100. ಅರ್ಧ ಸೆಕೆಂಡ್ ಆದರೆ ಬರೀ 20. ಮೀಟರಿಗೆ 100 ನ್ಯೂಟನ್ ಎಂದರೆ 2 ಸೆಂಟಿಮೀಟರ್ ಒತ್ತಿದಾಗ 2 ನ್ಯೂಟನ್, ಒಳ್ಳೆಯ ಸ್ಪಂಜಿನ ಹಾಗೆ. ಮರ ಸ್ಪಂಜಾಗಿಬಿಡುತ್ತದೆ. ಡ್ಯಾಂಪಿಂಗ್ ಹೆಚ್ಚಿಸೋಣ ಎಂದರೆ 20ಕ್ಕೆ ಏರಿಸಿದಾಗ ಕೈ ಸೆಕೆಂಡಿಗೆ 20 ಸೆಂಟಿಮೀಟರ್ ಚಲಿಸಿದರೂ 4 ನ್ಯೂಟನ್ ಎಳೆತ, ಗಾಳಿಯಲ್ಲೂ ಜೇನುತುಪ್ಪದೊಳಗೆ ಕೈ ಆಡಿಸಿದಂತೆ. ಹತ್ತು ನಿಮಿಷದಲ್ಲಿ ಮಣಿಕಟ್ಟು ಸೋಲುತ್ತದೆ. 8ಕ್ಕಿಂತ ಮೇಲೆ ಹೋಗಬೇಡಿ ಎಂಬುದು ನಮ್ಮ ಸಲಹೆ.

ತೋಳಿನ ತುದಿಯ ಸಂವೇದಕ ಅಳೆದ ಬಲವನ್ನೇ ನೇರವಾಗಿ ಹಿಡಿಗೆ ಕಳಿಸುವುದು ಇನ್ನೊಂದು ದಾರಿ. ಗಾಳಿಯಲ್ಲಿ ಹಿಡಿ ಹಗುರ, ತಾಗಿದಾಗ ಸ್ಪಷ್ಟ, ಹಾಗಾಗಿ ಎಲ್ಲರೂ ಮೊದಲು ಇದನ್ನೇ ಮಾಡುತ್ತಾರೆ. ತಡ ಬಂದಾಗ ಮೊದಲು ಕೆಡುವುದೂ ಇದೇ. ಸಡಿಲವಾಗಿ ಹಿಡಿದ ಕೈಯ ಬಿಗಿತ ಮೀಟರಿಗೆ ಕೆಲವು ನೂರು ನ್ಯೂಟನ್, ಮರದ್ದು 20,000. ಮರಳಿ ಬರುವ ಬಲವನ್ನು ಐವತ್ತನೇ ಒಂದು ಭಾಗಕ್ಕೆ ಇಳಿಸದೆ, ಹಿಡಿಯಿಂದ ತೋಳಿಗೆ, ತೋಳಿನಿಂದ ಹಿಡಿಗೆ ಸುತ್ತುವ ಲೂಪ್ ಸ್ಥಿರವಾಗಿ ನಿಲ್ಲುವುದಿಲ್ಲ. ತೋಳಿನ ಚಲನೆಯನ್ನು ಹಿಡಿಯ ಮೂರರಷ್ಟು ಮಾಡಿದ್ದರೆ ನೂರೈವತ್ತನೇ ಒಂದು. ಸ್ಥಾನದ ಗುಣಕವೂ ಬಲದ ಗುಣಕವೂ ಒಂದೇ ಲೂಪಿನಲ್ಲಿ ಗುಣಿಸಿಕೊಳ್ಳುತ್ತವೆ ಎಂಬುದು ಬಹಳ ಮಂದಿಗೆ ಮರೆತುಹೋಗುತ್ತದೆ. ತೋಳಿನ ತುದಿಗೆ ಮೆತ್ತನೆಯ ರಬ್ಬರ್ ಕಟ್ಟಿದರೆ ಬಿಗಿತ 20,000ದಿಂದ 2,000ಕ್ಕೆ ಇಳಿದು ಹತ್ತರಷ್ಟು ಅವಕಾಶ ಸಿಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಸುಧಾರಣೆ ಇದು. ಕೊಕ್ಕೆಗೆ 10 ಮಿಲಿಮೀಟರ್ ರಬ್ಬರ್ ಹೊದಿಸಿದ ಮೇಲೆ ಕೋಡ್ ಬರೆಯಲು ಕೂರಿ.

ಹಿಡಿಯ ಭಾಗಗಳು

ಒಂದು ದಿಕ್ಕಿನ ಹಿಡಿಯಿಂದ ಆರಂಭಿಸಿ, ಒಂದರಲ್ಲಿ ಕುಣಿಯುವುದು ಮೂರರಲ್ಲಿ ಖಂಡಿತ ಕುಣಿಯುತ್ತದೆ. ಗಿಂಬಲ್ ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟರ್, ಅದರ ಬೆನ್ನಿಗೆ ತಿರುಗಿದ ಕೋನ ಅಳೆಯುವ ಎಎಸ್5048ಎ ಕಾಂತೀಯ ಎನ್‌ಕೋಡರ್, 80 ಮಿಲಿಮೀಟರ್ ಉದ್ದದ ಹಿಡಿ, ನಡುವೆ 10ಕ್ಕೆ 1ರ ಕ್ಯಾಪ್‌ಸ್ಟನ್, ಅಂದರೆ ಸಣ್ಣ ಉರುಳೆಗೆ ಸುತ್ತಿದ ದಾರ ದೊಡ್ಡ ಚಾಪವನ್ನು ಎಳೆಯುವ ಏರ್ಪಾಡು. ಗೇರ್ ಬೇಡ. ಹಲ್ಲುಗಳ ಸಡಿಲ ಮತ್ತು ಘರ್ಷಣೆ ಸಣ್ಣ ಬಲವನ್ನು ನುಂಗುತ್ತವೆ.

ಹಿಡಿಯಲ್ಲಿ 5 ನ್ಯೂಟನ್ ಬೇಕಾದರೆ 0.4 ನ್ಯೂಟನ್ ಮೀಟರ್ ತಿರುಚು ಬಲ, ಕ್ಯಾಪ್‌ಸ್ಟನ್ ದಾಟಿದರೆ ಮೋಟರಿಗೆ 0.04. ಬಿಸಿಯಾಗದಿರಲು ಇದರ ಎರಡರಷ್ಟು ಕೊಡುವ ಮೋಟರ್ ತನ್ನಿ. ಎನ್‌ಕೋಡರ್ ಒಂದು ಸುತ್ತಿಗೆ 16,384 ಮೆಟ್ಟಿಲು ಕೊಡುತ್ತದೆ. ಕ್ಯಾಪ್‌ಸ್ಟನ್ ಇದ್ದರೆ ಹಿಡಿಯ ತುದಿಯಲ್ಲಿ ಒಂದು ಮೆಟ್ಟಿಲು 3 ಮೈಕ್ರೋಮೀಟರ್. ಸಾವಿರದ ಲೂಪಿನಲ್ಲಿ ಅದು ಸೆಕೆಂಡಿಗೆ 3 ಮಿಲಿಮೀಟರ್ ವೇಗದಂತೆ ಕಾಣುತ್ತದೆ, 5ರ ಡ್ಯಾಂಪಿಂಗ್ ಅದನ್ನು 0.015 ನ್ಯೂಟನ್ ಮಾಡುತ್ತದೆ. ಕೈಗೆ ತಿಳಿಯದು. ಕ್ಯಾಪ್‌ಸ್ಟನ್ ಇಲ್ಲದೆ ನೇರವಾಗಿ ಜೋಡಿಸಿದರೆ ಇದು ಹತ್ತರಷ್ಟು, 0.15 ನ್ಯೂಟನ್. ಹಿಡಿ ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಆಗ ಜನ ವೇಗಕ್ಕೆ ಫಿಲ್ಟರ್ ಹಾಕುತ್ತಾರೆ, 40 ಹರ್ಟ್ಸ್ ಫಿಲ್ಟರ್ 4 ಮಿಲಿಸೆಕೆಂಡ್ ತಡ ಸೇರಿಸುತ್ತದೆ. ಮಳೆ ಕೊಟ್ಟ ತಡ ಸಾಲದೆಂದು ನಾವೇ ಇನ್ನಷ್ಟು ಮಾಡಿಕೊಳ್ಳುವುದು ಬೇಡ.

ಕ್ಯಾಪ್‌ಸ್ಟನ್ನಿಗೆ ನೈಲಾನ್ ದಾರ ಹಾಕಬೇಡಿ. ನೈಲಾನ್ ತೇವ ಹೀರಿ ಉದ್ದವಾಗುತ್ತದೆ. ಬಟ್ಟೆ ವಾರವಾದರೂ ಒಣಗದ ನಮ್ಮ ಮಳೆಗಾಲದಲ್ಲಿ ಬೆಳಿಗ್ಗೆ ಬಿಗಿ ಮಾಡಿದ ದಾರ ಸಂಜೆಗೆ ಜಾರುತ್ತದೆ. ಡೈನೀಮಾ ಎಂಬ ಪಾಲಿಎಥಿಲೀನ್ ದಾರ ನೀರು ಹೀರುವುದಿಲ್ಲ, ಆದರೆ ಸದಾ ಎಳೆತದಲ್ಲಿದ್ದರೆ ನಿಧಾನಕ್ಕೆ ಹಿಗ್ಗುತ್ತದೆ. ಒಂದು ಬಿಗಿಗೊಳಿಸುವ ಸ್ಕ್ರೂ ಇಟ್ಟು ತಿಂಗಳಿಗೊಮ್ಮೆ ತಿರುಗಿಸಿ. ಕಾಂತೀಯ ಎನ್‌ಕೋಡರ್ ಆರಿಸಲು ಕಾರಣವೂ ತೇವವೇ, ಬೆಳಕಿನ ಎನ್‌ಕೋಡರಿನ ಚಕ್ರದ ಮೇಲೆ ಮಂಜು ಕೂತರೆ ಎಣಿಕೆ ತಪ್ಪುತ್ತದೆ.

ತೋಳಿನ ಬಲ ಅಳೆಯಲು ಲೋಡ್ ಸೆಲ್ ಸರಿ, ಅದರ ಜೊತೆ ಎಲ್ಲೆಡೆ ಸಿಗುವ ಎಚ್‌ಎಕ್ಸ್711 ಸರಿಯಲ್ಲ. ತಕ್ಕಡಿಗಾಗಿ ಮಾಡಿದ ಚಿಪ್ ಅದು. ಸೆಕೆಂಡಿಗೆ ಹೆಚ್ಚೆಂದರೆ 80 ಅಳತೆ, ಬಲ ಬದಲಾದ ಮೇಲೆ ಸರಿಯಾದ ಸಂಖ್ಯೆಗೆ ಬರಲು 50 ಮಿಲಿಸೆಕೆಂಡ್. ಎಡಿಎಸ್1256 ಸೆಕೆಂಡಿಗೆ 30,000ದವರೆಗೆ ಅಳೆಯುತ್ತದೆ, ಅದನ್ನು ಸಾವಿರ ಎರಡು ಸಾವಿರಕ್ಕೆ ಇಟ್ಟು ಬಳಸಿ. ಸೆಲ್ಲಿನ ತಂತಿ ಹೊರಡುವ ಜಾಗಕ್ಕೆ ಸಿಲಿಕೋನ್ ಮೆತ್ತಿ. ಒಳಗೆ ತೇವ ಸೇರಿದರೆ ಸೊನ್ನೆ ಮೆಲ್ಲಗೆ ಜರುಗಿ, ಗಾಳಿಯಲ್ಲಿರುವ ತೋಳು ಏನನ್ನೋ ಒತ್ತುತ್ತಿರುವಂತೆ ಕೈಗೆ ಸುಳ್ಳು ಹೇಳುತ್ತದೆ. ತೋಳು ಅಲುಗದೆ, ಏನನ್ನೂ ಮುಟ್ಟದೆ ನಿಂತಿದೆ ಎಂದು ಖಚಿತವಿದ್ದಾಗ ಒಂದು ಗುಂಡಿ ಒತ್ತಿ ಸೊನ್ನೆ ಮಾಡುವ ವ್ಯವಸ್ಥೆ ಇರಲಿ. ತಾನಾಗಿ ಸೊನ್ನೆ ಮಾಡುವ ಜಾಣತನ ಬೇಡ, ನಿಧಾನವಾಗಿ ಒತ್ತುತ್ತಿರುವ ನಿಜವಾದ ಬಲವನ್ನೂ ಅದು ಅಳಿಸಿಬಿಡುತ್ತದೆ.

ಶಕ್ತಿಯ ಪುಸ್ತಕ

ತಡ ಏರಿಳಿಯುವಾಗ ಮೇಲಿನ ಸೂತ್ರವನ್ನು ಅತಿ ಕೆಟ್ಟ ತಡಕ್ಕೆ ಹೊಂದಿಸಿದರೆ ಒಳ್ಳೆಯ ಹೊತ್ತಿನಲ್ಲೂ ಸ್ಪಂಜೇ ಸಿಗುತ್ತದೆ. ಇದಕ್ಕೆ ಉತ್ತರ ಶಕ್ತಿಯ ಲೆಕ್ಕ ಇಡುವುದು. ಗೋದಾಮಿನಿಂದ ಹೊರಬಂದ ಗೋಣಿಚೀಲ ಒಳಹೋದದ್ದಕ್ಕಿಂತ ಹೆಚ್ಚಿದ್ದರೆ ಪುಸ್ತಕ ತಪ್ಪು, ಅಷ್ಟೇ ಸರಳ. ಬ್ಲೇಕ್ ಹ್ಯಾನಫರ್ಡ್ ಮತ್ತು ಜೀ-ಹ್ವಾನ್ ರ್ಯೂ 2002ರಲ್ಲಿ ಪ್ರಕಟಿಸಿದ ಕಾವಲು ವಿಧಾನದ ಬೇರು ಇದು.

ಮಾಡುವುದು ಹೀಗೆ. ಪ್ರತಿ ಮಿಲಿಸೆಕೆಂಡಿಗೂ ಬಲವನ್ನು ವೇಗದಿಂದ, ಅದನ್ನು ಕಾಲದಿಂದ ಗುಣಿಸಿ. ಗುಣಲಬ್ಧ ಕೊಂಡಿಯೊಳಗೆ ಹೋಗುವ ದಿಕ್ಕಿನದಾದರೆ ‘ಒಳ’ ಖಾತೆಗೆ, ಹೊರಬರುವ ದಿಕ್ಕಿನದಾದರೆ ‘ಹೊರ’ ಖಾತೆಗೆ ಕೂಡಿಸಿ. ಒಳ ಖಾತೆಯ ಒಟ್ಟು ಮೊತ್ತವನ್ನು ಆಚೆ ತುದಿಗೆ ಕಳಿಸಿ. ಆಚೆ ತುದಿ ತನ್ನ ಹೊರ ಖಾತೆಯನ್ನು ಇದರೊಡನೆ ಹೋಲಿಸುತ್ತದೆ, ಹೊರಹೋದದ್ದು ಹೆಚ್ಚಾಯಿತೆಂದರೆ ಆ ಹೆಚ್ಚಳ ಕರಗುವಷ್ಟು ಡ್ಯಾಂಪಿಂಗನ್ನು ಆ ಕ್ಷಣಕ್ಕೆ ಮಾತ್ರ ಹಾಕುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲಿ ಆ ಕ್ಷಣದ ಶಕ್ತಿಯನ್ನಲ್ಲ, ಆರಂಭದಿಂದ ಕೂಡಿಬಂದ ಮೊತ್ತವನ್ನು ಕಳಿಸುವುದೇ ಇಲ್ಲಿನ ಗುಟ್ಟು. ಹತ್ತು ಪ್ಯಾಕೆಟ್ ಕಳೆದುಹೋದರೂ ಹನ್ನೊಂದನೆಯದು ಪುಸ್ತಕವನ್ನು ಸರಿಪಡಿಸುತ್ತದೆ. ತಡವಾಗಿ ಬಂದ ಮೊತ್ತ ಯಾವಾಗಲೂ ನಿಜಕ್ಕಿಂತ ಕಡಿಮೆಯೇ ಇರುವುದರಿಂದ ತಪ್ಪು ಸುರಕ್ಷಿತ ಕಡೆಗೇ ಆಗುತ್ತದೆ.

ಕೆಡುವುದು ಎರಡು ಕಡೆ. ವೇಗ ಸೊನ್ನೆಗೆ ಹತ್ತಿರವಾದಾಗ ಬೇಕಾದ ಡ್ಯಾಂಪಿಂಗ್ ಅನಂತಕ್ಕೆ ಹಾರುತ್ತದೆ, ಕೈಗೆ ‘ಟಕ್’ ಎಂದು ಹೊಡೆತ ಬೀಳುತ್ತದೆ. ಅದಕ್ಕೊಂದು ಮೇಲ್ಮಿತಿ ಹಾಕಿ, ಕರಗದೆ ಉಳಿದದ್ದನ್ನು ಮುಂದಿನ ಕ್ಷಣಗಳಿಗೆ ಹಂಚಿ. ಎರಡನೆಯದು, ತೋಳಿನ ತುದಿಯಲ್ಲಿ ವೇಗವನ್ನು ಕತ್ತರಿಸಿದಾಗಲೆಲ್ಲ ತೋಳು ಹಿಡಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಹಿಡಿ ನಡುವಿನಲ್ಲಿದ್ದರೂ ತೋಳು ಇನ್ನೆಲ್ಲೋ ಇರುತ್ತದೆ. ಒಳ ಖಾತೆಯಲ್ಲಿ ಬಾಕಿ ಉಳಿದಿರುವಾಗ ಮಾತ್ರ, ಸೆಕೆಂಡಿಗೆ ಕೆಲವು ಮಿಲಿಮೀಟರಿನಂತೆ, ಈ ಅಂತರವನ್ನು ಮುಚ್ಚಿ.

ಇದಕ್ಕಿಂತ ಹಳೆಯ ವಿಧಾನ ತರಂಗದ್ದು. 1989ರಲ್ಲಿ ಆಂಡರ್ಸನ್ ಮತ್ತು ಸ್ಪಾಂಗ್, 1991ರಲ್ಲಿ ನೀಮೆಯರ್ ಮತ್ತು ಸ್ಲಾಟಿನ್ ಕೊಟ್ಟದ್ದು. ಬಲ, ವೇಗಗಳನ್ನು ಬೆರೆಸಿ ಹೋಗುವ ಅಲೆ, ಬರುವ ಅಲೆಯನ್ನಾಗಿ ಕಳಿಸಿದರೆ ತಡ ಎಷ್ಟೇ ಇರಲಿ, ಅದು ಬದಲಾಗದಿದ್ದರೆ, ಕೊಂಡಿ ಶಕ್ತಿ ಹುಟ್ಟಿಸುವುದಿಲ್ಲ. ಗಣಿತ ಬಹಳ ಸುಂದರ. ಆದರೆ ಏರಿಳಿಯುವ ತಡದಲ್ಲಿ ಅಲೆ ಹಿಗ್ಗಿದಾಗ, ಪ್ಯಾಕೆಟ್ ಬಾರದೆ ಹಳೆಯ ಬೆಲೆಯನ್ನೇ ಹಿಡಿದಿಟ್ಟಾಗ, ಇಲ್ಲದ ಶಕ್ತಿ ಹುಟ್ಟುತ್ತದೆ. ಬಾರದ ಪ್ಯಾಕೆಟ್ಟಿನ ಜಾಗದಲ್ಲಿ ಸೊನ್ನೆ ಹಾಕಿದರೆ ಸುರಕ್ಷಿತ, ಸ್ಪರ್ಶ ಮಾತ್ರ ಮಂಕಾಗುತ್ತದೆ. ತೋಟದ ವೈಫೈಗೆ ಶಕ್ತಿಯ ಪುಸ್ತಕವೇ ಹೊಂದುತ್ತದೆ ಎಂದು ನಮ್ಮ ಗಟ್ಟಿ ಅಭಿಪ್ರಾಯ.

ಬಲ ಬೇಡ, ನಡುಕ ಸಾಕು

ತಡ 100 ಮಿಲಿಸೆಕೆಂಡ್ ದಾಟಿದ ಮೇಲೆ ತಾಗಿದ ಸುದ್ದಿಯನ್ನು ಬಲವಾಗಿ ಕಳಿಸುವ ಹಟ ಬಿಡಬೇಕು. ತೋಳಿನ ತುದಿಗೆ ಎಡಿಎಕ್ಸ್‌ಎಲ್345 ಎಂಬ ನಡುಕ ಅಳೆಯುವ ಚಿಪ್ ಕೂರಿಸಿ. ಅದು ಸೆಕೆಂಡಿಗೆ 3,200 ಬಾರಿವರೆಗೆ ಅಳೆಯುತ್ತದೆ. ಕೊಕ್ಕೆ ಮರಕ್ಕೆ ತಾಗಿದ ಕ್ಷಣದ ನಡುಕ, ಗರಗಸ ನಾರಿನ ಮೇಲೆ ಎಳೆಯುವ ಕರಕರ, ಕೊಂಬೆ ಸೀಳುವ ಮುನ್ನಿನ ಚಟಚಟ ಎಲ್ಲವೂ ಅದರಲ್ಲಿ ಸಿಗುತ್ತವೆ. ಇದನ್ನು ಹಿಡಿಯೊಳಗಿನ ಪುಟ್ಟ ಕಂಪಕದಿಂದ ಬೆರಳಿಗೆ ಮುಟ್ಟಿಸಿ. ನಡುಕ ಬೆರಳನ್ನು ಎಚ್ಚರಿಸುತ್ತದೆ, ಕೈಯನ್ನು ಸರಿಸುವುದಿಲ್ಲ. ಸರಿಸದ ಮೇಲೆ ಲೂಪ್ ಮುಚ್ಚುವುದಿಲ್ಲ, ಮುಚ್ಚದ ಲೂಪ್ ಎಷ್ಟು ತಡವಿದ್ದರೂ ಕುಣಿಯುವುದಿಲ್ಲ.

ಮೊಬೈಲಿನಲ್ಲಿರುವಂಥ ತಿರುಗುವ ತೂಕದ ಕಂಪಕ ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು, ಅದನ್ನು ಬಿಡಿ. ಎಲ್‌ಆರ್‌ಎ (ಸ್ಪ್ರಿಂಗಿಗೆ ಕಟ್ಟಿದ ತೂಕ ಹಿಂದೆ ಮುಂದೆ ಆಡುವ) ಬಗೆಯದು ಬೇಗ ಏಳುತ್ತದೆ, ಡಿಆರ್‌ವಿ2605ಎಲ್ ಚಿಪ್ ಅದನ್ನು ಚೆನ್ನಾಗಿ ನಡೆಸುತ್ತದೆ. ಆದರೆ ಅದು ತನ್ನ ಒಂದೇ ಸ್ವರದಲ್ಲಿ ನಡುಗುತ್ತದೆ, ಜೋರು ಮೆಲ್ಲಗೆ ಮಾತ್ರ ಹೇಳಬಲ್ಲದು. ‘ತಾಗಿತು’ ಎನ್ನಲು ಸಾಕು. ಗರಗಸದ ಕರಕರವನ್ನೂ ಸೀಳಿನ ಚಟಚಟವನ್ನೂ ಬೇರೆ ಬೇರೆಯಾಗಿ ತಿಳಿಸಲು ಸ್ಪೀಕರಿನಲ್ಲಿರುವಂಥ ವಾಯ್ಸ್ ಕಾಯಿಲ್ ಬೇಕು. ಬೆರಳ ತುದಿ 250 ಹರ್ಟ್ಸ್ ಸುತ್ತಮುತ್ತಲಿನ ನಡುಕಕ್ಕೆ ಅತಿ ಚುರುಕು, ಹಾಗಾಗಿ 50ರಿಂದ 500 ಹರ್ಟ್ಸ್ ಕೊಟ್ಟರೆ ಸಾಕು. ತೋಳಿನದೇ ಮೋಟರುಗಳ ನಡುಕವೂ ಅಳತೆಯಲ್ಲಿ ಸೇರಿಬರುತ್ತದೆ. ಏನನ್ನೂ ಮುಟ್ಟದೆ ತೋಳನ್ನು ಎಲ್ಲ ವೇಗದಲ್ಲೂ ಓಡಿಸಿ, ಯಾವ ಹರ್ಟ್ಸಿನಲ್ಲಿ ಮೋಟರ್ ಹಾಡುತ್ತದೆ ಎಂದು ಗುರುತಿಸಿ, ಅಲ್ಲಿ ಆ ಸ್ವರವನ್ನಷ್ಟೇ ತೆಗೆಯುವ ನಾಚ್ ಫಿಲ್ಟರ್ ಹಾಕಿ. ಇದನ್ನು ಮಾಡದಿದ್ದರೆ ಹಿಡಿ ಸದಾ ನಡುಗುತ್ತಲೇ ಇದ್ದು, ಐದು ನಿಮಿಷದ ಮೇಲೆ ಬೆರಳು ಅದನ್ನು ಗಮನಿಸುವುದನ್ನೇ ಬಿಡುತ್ತದೆ.

ಮರದ ಪ್ರತಿರೂಪ ಶೆಡ್ಡಿನಲ್ಲೇ

ಇನ್ನೂ ಹೆಚ್ಚಿನ ತಡಕ್ಕೆ ಒಂದು ಒಳ್ಳೆಯ ಉಪಾಯವಿದೆ. ಬಲವನ್ನು ಕಳಿಸುವ ಬದಲು, ಮರ ಎಲ್ಲಿದೆ, ಎಷ್ಟು ಬಿಗಿಯಿದೆ ಎಂಬುದನ್ನು ತೋಳು ಕಳಿಸಲಿ. ಹಿಡಿಯ ಪಕ್ಕದ ಕಂಪ್ಯೂಟರ್ ಆ ವಿವರದಿಂದ ಒಂದು ಗೋಡೆಯನ್ನು ಇಲ್ಲೇ ಕಟ್ಟಿ, ಸಾವಿರದ ಲೂಪಿನಲ್ಲಿ ಕೈಗೆ ತೋರಿಸುತ್ತದೆ. ತಡ ಈಗ ಬಲದಲ್ಲಿಲ್ಲ, ವಿವರದಲ್ಲಿದೆ. ಮರ ಓಡಿಹೋಗುವುದಿಲ್ಲ, ಅರ್ಧ ಸೆಕೆಂಡ್ ಹಳೆಯ ವಿವರ ಸಾಕಷ್ಟು ನಿಜ. 1993ರಲ್ಲಿ ಕೊಲಂಬಿಯಾ ನೌಕೆಯಲ್ಲಿದ್ದ ಜರ್ಮನಿಯ ರೋಟೆಕ್ಸ್ ತೋಳನ್ನು ನೆಲದಿಂದ ನಡೆಸುವಾಗ ತಡ 5ರಿಂದ 7 ಸೆಕೆಂಡ್ ಇತ್ತು. ಮುಂದೇನಾಗುತ್ತದೆ ಎಂಬುದನ್ನು ನೆಲದ ಕಂಪ್ಯೂಟರೇ ಊಹಿಸಿ, ತೇಲುತ್ತಿದ್ದ ವಸ್ತುವನ್ನು ಹಿಡಿಸಿತು. 2015ರ ಸೆಪ್ಟೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಆಂಡ್ರಿಯಾಸ್ ಮೊಗೆನ್ಸನ್, ಹೆಚ್ಚುಕಡಿಮೆ ಒಂದು ಸೆಕೆಂಡ್ ತಡದಲ್ಲಿ, ಬಲ ತೋರಿಸುವ ಜಾಯ್‌ಸ್ಟಿಕ್ ಹಿಡಿದು ನೆದರ್ಲೆಂಡ್ಸಿನ ರೋವರಿನ ಕೈಯಿಂದ ಬಿಗಿಯಾದ ತೂತಿಗೆ ಲೋಹದ ಗೂಟ ಸೇರಿಸಿದರು. ತೋಳು ತಾನೇ ಮೆತ್ತಗೆ ಬಾಗಿ ಹೊಂದಿಕೊಳ್ಳುವಂತಿದ್ದರೆ ಇಂಥದ್ದೂ ಸಾಧ್ಯ.

ಬಿಗಿತ ಲೆಕ್ಕ ಹಾಕಲು ತೋಳು ಒಮ್ಮೆ ಮೆಲ್ಲಗೆ ಒತ್ತಿ ಬಿಡಬೇಕು: 2 ನ್ಯೂಟನ್, 5 ನ್ಯೂಟನ್, ಪ್ರತಿ ಬಾರಿ ಎಷ್ಟು ಒಳಹೋಯಿತು ಎಂದು ನೋಡಿ ಗೆರೆ ಎಳೆಯಿರಿ. ಪಾಚಿ ಇದ್ದರೆ ಮೊದಲ ಕೆಲವು ಮಿಲಿಮೀಟರ್ ಮೆತ್ತಗೆ, ಆಮೇಲೆ ಗಟ್ಟಿ. ಒಂದೇ ಗೆರೆ ಎಳೆದರೆ ಇಡೀ ಕಾಂಡ ಹಾಲುವಾಣದಂತೆ ಮೆದುವೆಂದು ತೋರುತ್ತದೆ. ಮೊದಲ ತುಂಡನ್ನು ಬಿಟ್ಟು ಎರಡನೆಯದನ್ನು ಬಳಸಿ.

ಅಪಾಯ ಇರುವುದು ಹೊಸ ವಿವರ ಬಂದಾಗ. ಕೈ ಗೋಡೆಯನ್ನು ಒತ್ತುತ್ತಿರುವಾಗಲೇ ಗೋಡೆ 1 ಸೆಂಟಿಮೀಟರ್ ಈಚೆ ಬಂತೆಂದರೆ, ಮೀಟರಿಗೆ 1,000 ನ್ಯೂಟನ್ ಬಿಗಿತದ ಗೋಡೆ ತಟಕ್ಕನೆ 10 ನ್ಯೂಟನ್ನಿನಿಂದ ಕೈಯನ್ನು ನೂಕುತ್ತದೆ. ಗೋಡೆಯನ್ನು ಕೈಯಿಂದ ದೂರಕ್ಕೆ ಯಾವಾಗ ಬೇಕಾದರೂ ಸರಿಸಿ, ಕೈಯ ಕಡೆಗೆ ಮಾತ್ರ ಕೈ ಗೋಡೆ ಬಿಟ್ಟಾಗ ಸರಿಸಿ. ನೇತಾಡುವ ಕೊಂಬೆಗೆ ಈ ಉಪಾಯ ಹೊಂದುವುದಿಲ್ಲ, ಅದು ಗಾಳಿಗೆ ತೂಗುತ್ತದೆ, ವಿವರ ಬರುವಷ್ಟರಲ್ಲಿ ಸುಳ್ಳಾಗಿರುತ್ತದೆ. ಕಾಂಡಕ್ಕೆ ಗೋಡೆ, ಕೊಂಬೆಗೆ ನಡುಕ, ಹೀಗೆ ಬೆರೆಸಿ.

ಕೊಂಡಿ ಕಡಿದಾಗ

ಕರೆಂಟು ಹೋಗುತ್ತದೆ, ರೌಟರ್ ಮತ್ತೆ ಏಳಲು ಒಂದೆರಡು ನಿಮಿಷ ಬೇಕು. ರೌಟರಿಗೂ ಆಂಟೆನಾಕ್ಕೂ 12 ವೋಲ್ಟ್ ಬ್ಯಾಟರಿ, ಹೊರಗೆ ಹೋಗುವ ಈಥರ್ನೆಟ್ ತಂತಿಗೆ ಅರ್ಥಿಂಗ್ ಇರುವ ಸಿಡಿಲು ರಕ್ಷಕ, ಇವೆರಡೂ ಕಡ್ಡಾಯ.

ಕೊನೆಯ ಪ್ಯಾಕೆಟ್ ಬಂದು 150 ಮಿಲಿಸೆಕೆಂಡ್ ಆದರೆ ತೋಳು ತಾನೇ ನಿರ್ಧರಿಸಬೇಕು. ‘ಎಲ್ಲ ಮೋಟರ್ ಆಫ್’ ಎಂಬುದು ಇಲ್ಲಿ ಸುರಕ್ಷತೆಯಲ್ಲ: ಹಿಡಿದ ಕೊಂಬೆ ಕೈಬಿಟ್ಟು ತಂತಿಯ ಮೇಲೆ ಬೀಳುತ್ತದೆ. ಗರಗಸ ಮಾತ್ರ ಆಫ್ ಆಗಲಿ. ಕೊಕ್ಕೆ ಹಿಡಿದದ್ದನ್ನು ಹಿಡಿದೇ ಇರಲಿ, ತೋಳು ಇದ್ದಲ್ಲೇ ಮೆತ್ತಗಿನ ಸ್ಪ್ರಿಂಗಿನಂತೆ ನಿಲ್ಲಲಿ. ತೋಳಿನ ಗರಿಷ್ಠ ಬಲದ ಮಿತಿ ಸದಾ ತೋಳಿನೊಳಗೇ ಇರಬೇಕು, ಶೆಡ್ಡಿನ ಕೋಡಿನಲ್ಲಲ್ಲ. ಹಿಡಿಯ ಕಡೆ ಬಲವನ್ನು 200 ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಸೊನ್ನೆಗೆ ಇಳಿಸಿ, ಎರಡು ಉದ್ದನೆಯ ನಡುಕ ಕೊಡಿ. ಕೊಂಡಿ ಮರಳಿದಾಗ ತಾನಾಗಿ ಮುಂದುವರಿಯಬಾರದು. ಅಷ್ಟರಲ್ಲಿ ಹಿಡಿ ಎಲ್ಲೋ, ತೋಳು ಎಲ್ಲೋ ಇರುತ್ತದೆ. ಒತ್ತಿದಾಗ ಮಾತ್ರ ತೋಳು ಹಿಡಿಯನ್ನು ಹಿಂಬಾಲಿಸುವಂತೆ ಮಾಡುವ ಕ್ಲಚ್ ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದ ಮೇಲೆಯೇ, ಆಗಿನ ಸ್ಥಾನವನ್ನು ಹೊಸ ಸೊನ್ನೆಯಾಗಿ ಹಿಡಿದು, ಜೋಡಿಸಿ.

ಮರ ಹತ್ತಿಸುವ ಮುನ್ನ

ಮೇಜಿನ ಮೇಲೆ ಲಿನಕ್ಸಿನ ನೆಟೆಮ್ ಇಟ್ಟು ತಡವನ್ನು ಕೃತಕವಾಗಿ ಹುಟ್ಟಿಸಿ. 0, 20, 50, 100, 200, 400 ಮಿಲಿಸೆಕೆಂಡ್. ನೆಟೆಮ್ ಹೊರಹೋಗುವ ಪ್ಯಾಕೆಟ್‌ಗಳನ್ನು ಮಾತ್ರ ತಡೆಯುತ್ತದೆ, ಹಾಗಾಗಿ ಎರಡೂ ಯಂತ್ರಗಳಲ್ಲಿ ಹಾಕಿ. ಏರಿಳಿತ ಸೇರಿಸಿದಾಗ ಪ್ಯಾಕೆಟ್‌ಗಳ ಕ್ರಮವೂ ತಪ್ಪುತ್ತದೆ. ಹಿಂದಿನ ಕ್ರಮಸಂಖ್ಯೆ ಬಂದರೆ ಎಸೆಯುವ ಸಾಲು ಕೋಡಿನಲ್ಲಿದೆಯೇ ಎಂಬುದಕ್ಕೆ ಇದೇ ಪರೀಕ್ಷೆ. ನಷ್ಟವನ್ನು ಚೆದುರಿದ ಶೇ. 2 ಎಂದು ಹಾಕಬೇಡಿ, ಮಳೆಯಲ್ಲಿ ಪ್ಯಾಕೆಟ್‌ಗಳು ಗುಂಪು ಗುಂಪಾಗಿ ಹೋಗುತ್ತವೆ. 100 ಮಿಲಿಸೆಕೆಂಡ್ ಪೂರ್ತಿ ಮೌನ, ಆಮೇಲೆ ಎಲ್ಲ ಸರಿ, ಹೀಗೆ ಪರೀಕ್ಷಿಸಿ.

ತೋಳಿನ ಮುಂದೆ ಮೂರು ವಸ್ತು ಇಡಿ: ಸ್ಪಂಜು, ಒದ್ದೆ ಸಿಲ್ವರ್ ಓಕ್ ತುಂಡು, ಕಬ್ಬಿಣದ ಪಟ್ಟಿ. ಪ್ರತಿಯೊಂದನ್ನೂ 3 ನ್ಯೂಟನ್ನಿನಲ್ಲಿ ಹತ್ತು ಸೆಕೆಂಡ್ ಒತ್ತಿ ನಿಲ್ಲಿಸಲು ಬೇರೆ ಯಾರಿಗಾದರೂ ಹೇಳಿ. ಕಟ್ಟಿದವರ ಕೈ ಅಷ್ಟರಲ್ಲಿ ಹಿಡಿಯ ದೋಷಗಳಿಗೆ ಹೊಂದಿಕೊಂಡಿರುತ್ತದೆ, ಅದನ್ನು ನಂಬಬೇಡಿ. ಗರಿಷ್ಠ ಬಲ ಎಷ್ಟು, ಎಷ್ಟು ಬಾರಿ ತಾಗಿ ಬಿಟ್ಟಿತು ಎಂದು ಬರೆದುಕೊಳ್ಳಿ. ಒಮ್ಮೆ ತಾಗಿದ್ದು ಮೂರು ನಾಲ್ಕು ಸಲ ಪುಟಿದರೆ ಬಿಗಿತವನ್ನು ಕಾಲು ಭಾಗ ಇಳಿಸಿ.

ಮುಷ್ಟಿ ಬಿಗಿಯಾಗಿ ಹಿಡಿದು ಒಮ್ಮೆ ನೋಡಿ, ಎರಡೇ ಬೆರಳಲ್ಲಿ ಹಗುರವಾಗಿ ಹಿಡಿದು ಇನ್ನೊಮ್ಮೆ. ಬಿಗಿ ಮುಷ್ಟಿಯಲ್ಲಿ ಸುಮ್ಮನಿದ್ದ ಹಿಡಿ ಹಗುರ ಬೆರಳಲ್ಲಿ ಕುಣಿಯುತ್ತದೆ, ಏಕೆಂದರೆ ಅಲ್ಲಿಯವರೆಗೆ ಡ್ಯಾಂಪಿಂಗ್ ಕೊಡುತ್ತಿದ್ದದ್ದು ಕೋಡ್ ಅಲ್ಲ, ಕೈಯ ಮಾಂಸಖಂಡ. ಕೊನೆಯದಾಗಿ, ತೋಳು ಕಬ್ಬಿಣಕ್ಕೆ ಒರಗಿ ಒತ್ತುತ್ತಿರುವಾಗ, ತಡ 200ರಲ್ಲಿರುವಾಗ, ಹಿಡಿಯಿಂದ ಕೈಯನ್ನು ಪೂರ್ತಿ ತೆಗೆದುಬಿಡಿ. ಹಿಡಿ ಮೆಲ್ಲಗೆ ಹಿಂದೆ ಬಂದು, ಒಂದೆರಡು ಬಾರಿ ತೂಗಿ, ನಿಲ್ಲಬೇಕು. ಮೂರನೇ ತೂಗು ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ ಆ ದಿನ ತೋಳನ್ನು ಮರಕ್ಕೆ ಕಳಿಸಬೇಡಿ.